ಲಿಂಡನ್ ಜಾನ್ಸನ್: ಒಳ್ಳೆಯ ಅಧ್ಯಕ್ಷರೋ, ಕೆಟ್ಟ ಅಧ್ಯಕ್ಷರೋ?

ಅಮೆರಿಕದ ಮಾಜಿ ಅಧ್ಯಕ್ಷರೊಬ್ಬರು ಒಳ್ಳೆಯವರೋ ಕೆಟ್ಟವರೋ ಎಂಬ ವಾದಕ್ಕಿಳಿದವರು ಬಹುಮಟ್ಟಿಗೆ ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುತ್ತಿರುವುದಿಲ್ಲ. ಒಬ್ಬರು ಆತ ತಂದ ಕಾಯ್ದೆಗಳನ್ನು ಎಣಿಸುತ್ತಿದ್ದರೆ, ಇನ್ನೊಬ್ಬರು ಆತ ನಡೆಸಿದ ಯುದ್ಧದಲ್ಲಿ ಸತ್ತವರನ್ನು ಎಣಿಸುತ್ತಿರುತ್ತಾರೆ. ಮೂರನೆಯವರಿಗೆ ಆತನ ನಡೆನುಡಿಯೇ ಮುಖ್ಯ. ಇತ್ತೀಚಿನ ಅಧ್ಯಕ್ಷರ ವಿಷಯ ಬಂದರಂತೂ ಪಕ್ಷಾಭಿಮಾನವೇ ಮೊದಲು ಬಾಯಿ ತೆರೆಯುವುದರಿಂದ, ವಾದ ಎಲ್ಲಿ ಸಿಕ್ಕಾಯಿತು ಎಂಬುದೂ ಕಾಣಿಸುವುದಿಲ್ಲ. ಆ ಸಿಕ್ಕನ್ನು ಬಿಡಿಸಿ ನೋಡಲು 1963ರ ನವೆಂಬರಿನಿಂದ 1969ರ ಜನವರಿಯವರೆಗೆ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಅವರಷ್ಟು ಅನುಕೂಲದ ಉದಾಹರಣೆ ಇನ್ನೊಂದಿಲ್ಲ. ಅವರ ವಿಷಯದಲ್ಲಿ ಎರಡೂ ಕಡೆಯ ಸಾಕ್ಷ್ಯ ಬಲವಾಗಿದೆ. ಅದಕ್ಕಿಂತ ಹೆಚ್ಚಾಗಿ, ಅವರು ಫೋನಿನಲ್ಲಿ ಆಡಿದ ಮಾತುಗಳನ್ನು ಅವರೇ ಗುಟ್ಟಾಗಿ ಧ್ವನಿಮುದ್ರಿಸಿಟ್ಟಿದ್ದರಿಂದ, ನಿರ್ಧಾರ ತೆಗೆದುಕೊಂಡ ಹೊತ್ತಿನಲ್ಲಿ ಅವರಿಗೆ ಏನು ಗೊತ್ತಿತ್ತು ಎಂಬುದನ್ನು ಊಹಿಸಬೇಕಾಗಿಲ್ಲ, ಕೇಳಬಹುದು.

1965ರ ಮಾರ್ಚ್ 7ರ ಭಾನುವಾರ ಅಲಬಾಮಾ ರಾಜ್ಯದ ಸೆಲ್ಮಾ ಊರಿನ ಎಡ್ಮಂಡ್ ಪೆಟಸ್ ಸೇತುವೆಯ ಮೇಲೆ, ಮತದಾನದ ಹಕ್ಕು ಕೇಳಿ ಮೆರವಣಿಗೆ ಹೊರಟಿದ್ದ ಕಪ್ಪು ಜನರನ್ನು ಪೊಲೀಸರು ಲಾಠಿ ಮತ್ತು ಅಶ್ರುವಾಯುವಿನಿಂದ ಬಡಿದಟ್ಟಿದರು. ಆ ದೃಶ್ಯ ಅಂದೇ ರಾತ್ರಿ ಟಿವಿಯಲ್ಲಿ ಬಂತು. ಒಂದು ವಾರದ ಬಳಿಕ ಜಾನ್ಸನ್ ಸಂಸತ್ತಿನ ಜಂಟಿ ಅಧಿವೇಶನದ ಮುಂದೆ ನಿಂತು ಮತದಾನ ಹಕ್ಕಿನ ಮಸೂದೆಯನ್ನು ಕೇಳಿದರು, ಆಗಸ್ಟ್ 6ಕ್ಕೆ ಅದು ಕಾಯ್ದೆಯಾಯಿತು. ಆದರೆ ಸೆಲ್ಮಾದ ಲಾಠಿ ಪ್ರಹಾರದ ಮರುದಿನ, ಅಂದರೆ ಮಾರ್ಚ್ 8ರಂದು, ವಿಯೆಟ್ನಾಂನ ಡಾ ನಾಂಗ್ ಕಡಲತೀರದಲ್ಲಿ ಸುಮಾರು 3,500 ಅಮೆರಿಕನ್ ಮರೀನ್ ಸೈನಿಕರು ಇಳಿದರು. ಅಲ್ಲಿಗೆ ಕಾಲಿಟ್ಟ ಮೊದಲ ನೆಲಯುದ್ಧದ ತುಕಡಿಗಳು ಅವು. ಅದೇ ವರ್ಷದ ಜುಲೈನಲ್ಲಿ ಇನ್ನೊಮ್ಮೆ ಹೀಗೇ ಆಯಿತು. 28ರಂದು ಜಾನ್ಸನ್ ವಿಯೆಟ್ನಾಂಗೆ ಇನ್ನೂ 50,000 ಸೈನಿಕರನ್ನು ಕಳಿಸುವುದಾಗಿ ಪ್ರಕಟಿಸಿದರು. 30ರಂದು ಮಿಸೌರಿಯ ಇಂಡಿಪೆಂಡೆನ್ಸ್ ಊರಿಗೆ ಹೋಗಿ, ವೃದ್ಧರಿಗೆ ಸರ್ಕಾರಿ ಆರೋಗ್ಯ ವಿಮೆ ನೀಡುವ ಮೆಡಿಕೇರ್ ಕಾಯ್ದೆಗೆ ಸಹಿ ಹಾಕಿ, ಮೊದಲ ಕಾರ್ಡನ್ನು 81 ವರ್ಷದ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಕೈಗಿತ್ತರು. ಒಳ್ಳೆಯ ಜಾನ್ಸನ್ ಒಂದು ಕಾಲದವರು, ಕೆಟ್ಟ ಜಾನ್ಸನ್ ಇನ್ನೊಂದು ಕಾಲದವರು ಎಂದು ಭಾಗ ಮಾಡಿ ಕೈತೊಳೆದುಕೊಳ್ಳಲು ಈ ತಾರೀಖುಗಳು ಬಿಡುವುದಿಲ್ಲ.

ಮೊದಲು ಕಾಯ್ದೆಗಳ ಕಡೆ ನೋಡೋಣ. ಬಣ್ಣದ ಆಧಾರದ ಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಮಸೂದೆಯನ್ನು ಸಂಸತ್ತಿಗೆ ಕಳಿಸಿದವರು ಜಾನ್ಸನ್ ಅವರಿಗಿಂತ ಮುಂಚೆ ಅಧ್ಯಕ್ಷರಾಗಿದ್ದ ಜಾನ್ ಕೆನಡಿ, 1963ರ ಜೂನ್‌ನಲ್ಲಿ. ಆ ನವೆಂಬರ್ 22ರಂದು ಅವರ ಹತ್ಯೆಯಾದಾಗ ಅದು ಪ್ರತಿನಿಧಿ ಸಭೆಯ ನಿಯಮ ಸಮಿತಿಯಲ್ಲಿ ಸಿಕ್ಕಿಕೊಂಡಿತ್ತು. ಸೆನೆಟ್‌ನ ಕಷ್ಟ ಬೇರೆಯೇ ಆಗಿತ್ತು. ಅಲ್ಲಿ ಸದಸ್ಯರು ಎಷ್ಟು ಹೊತ್ತು ಬೇಕಾದರೂ ಮಾತಾಡಿ ಮಸೂದೆಯನ್ನು ಮತಕ್ಕೆ ಬಾರದಂತೆ ತಡೆಯಬಹುದು. ಆ ಮಾತನ್ನು ನಿಲ್ಲಿಸಬೇಕಾದರೆ ಅಂದಿನ ನಿಯಮದಂತೆ ಹಾಜರಿದ್ದವರಲ್ಲಿ ಮೂರನೇ ಎರಡರಷ್ಟು, ನೂರೂ ಮಂದಿ ಹಾಜರಿದ್ದರೆ 67 ಮತ ಬೇಕಿತ್ತು. ನಾಗರಿಕ ಹಕ್ಕುಗಳ ಯಾವ ಮಸೂದೆಗೂ ಅದುವರೆಗೆ ಅಷ್ಟು ಮತ ಸಿಕ್ಕಿರಲಿಲ್ಲ. ಜಾನ್ಸನ್ ಅವರ ಡೆಮಾಕ್ರಟಿಕ್ ಪಕ್ಷಕ್ಕೆ ಸಂಖ್ಯೆಯಿತ್ತು, ಆದರೆ ದಕ್ಷಿಣದ ರಾಜ್ಯಗಳಿಂದ ಬಂದ ಅದರ ಸದಸ್ಯರೇ ಮಸೂದೆಯ ಕಡು ವಿರೋಧಿಗಳು, ಮತ್ತು ಅವರ ನಾಯಕ ರಿಚರ್ಡ್ ರಸೆಲ್ ಜಾನ್ಸನ್ ಅವರನ್ನು ಸೆನೆಟ್‌ನಲ್ಲಿ ಬೆಳೆಸಿದ ಗುರು. ಹಾಗಾಗಿ ಗೆಲುವಿನ ಬೀಗದ ಕೈ ರಿಪಬ್ಲಿಕನ್ ನಾಯಕ ಎವರೆಟ್ ಡರ್ಕ್ಸನ್ ಅವರ ಬಳಿ ಇತ್ತು. ಮಸೂದೆಯ ಹೊಣೆ ಹೊತ್ತಿದ್ದ ಹ್ಯೂಬರ್ಟ್ ಹಂಫ್ರಿ ಅವರಿಗೆ ಜಾನ್ಸನ್ ಹೇಳಿದ್ದರ ಸಾರ ಇಷ್ಟೇ: ಡರ್ಕ್ಸನ್ ಅವರನ್ನು ಬಿಡದೆ ಹಿಡಿದುಕೊಳ್ಳಿ, ಹೆಸರು ಅವರಿಗೇ ಹೋದರೂ ಚಿಂತೆಯಿಲ್ಲ. ಎರಡು ತಿಂಗಳಿಗೂ ಮೀರಿ ನಡೆದ ಮಾತಿನ ತಡೆಯನ್ನು 1964ರ ಜೂನ್ 10ರಂದು 71–29 ಮತಗಳಿಂದ ಮುರಿಯಲಾಯಿತು. ಮೆದುಳಿನ ಗಡ್ಡೆಯಿಂದ ಮಾತು ನಿಂತುಹೋಗಿದ್ದ ಕ್ಯಾಲಿಫೋರ್ನಿಯಾದ ಸೆನೆಟರ್ ಕ್ಲೇರ್ ಎಂಗಲ್ ಅವರನ್ನು ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ಹೆಸರು ಕೂಗಿದಾಗ ಅವರು ತಮ್ಮ ಕಣ್ಣಿನತ್ತ ಬೆರಳು ತೋರಿಸಿ (ಇಂಗ್ಲಿಷಿನಲ್ಲಿ ಕಣ್ಣಿಗೂ ಒಪ್ಪಿಗೆಯ ಮತಕ್ಕೂ ಉಚ್ಚಾರ ಒಂದೇ, ‘ಐ’) ಮಸೂದೆಯ ಪರವಾಗಿ ಮತ ಹಾಕಿದರು.

ಇಲ್ಲಿ ಜಾನ್ಸನ್ ಅವರನ್ನು ಒಪ್ಪದವರು ಎತ್ತುವ ಆಕ್ಷೇಪಕ್ಕೆ ತೂಕವಿದೆ. ಇದು ಜಾನ್ಸನ್ ಕೊಟ್ಟ ಹಕ್ಕಲ್ಲ, ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲೂ ಸೆಲ್ಮಾದಲ್ಲೂ ಏಟು ತಿಂದವರು ಗಳಿಸಿದ ಹಕ್ಕು ಎನ್ನುತ್ತಾರೆ ಅವರು. 1937ರಲ್ಲಿ ಪ್ರತಿನಿಧಿ ಸಭೆಗೆ ಬಂದಾಗಿನಿಂದ ಸುಮಾರು ಇಪ್ಪತ್ತು ವರ್ಷ ನಾಗರಿಕ ಹಕ್ಕುಗಳ ಮಸೂದೆಗಳಿಗೆ ಜಾನ್ಸನ್ ವಿರುದ್ಧವಾಗಿಯೇ ಮತ ಹಾಕಿದ್ದರು ಎಂಬುದೂ ದಾಖಲೆಯಲ್ಲಿದೆ. 1964ರ ಪಕ್ಷದ ಮಹಾಧಿವೇಶನದಲ್ಲಿ ಮಿಸಿಸಿಪಿಯ ಕಪ್ಪು ಪ್ರತಿನಿಧಿಗಳ ಮೇಲೆ ಎಫ್‌ಬಿಐ ಕಣ್ಣಿಟ್ಟು, ಅವರ ಮಾತುಕತೆಯ ವರದಿಯನ್ನು ಅಧ್ಯಕ್ಷರ ಕಡೆಯವರಿಗೆ ಮುಟ್ಟಿಸುತ್ತಿತ್ತು ಎಂಬುದೂ ಸುಳ್ಳಲ್ಲ. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಕೇಳಬೇಕಾದ ಪ್ರಶ್ನೆ ಒಂದಿದೆ: ಆ ಕುರ್ಚಿಯಲ್ಲಿ ಬೇರೆಯವರಿದ್ದರೆ ಏನಾಗುತ್ತಿತ್ತು? ಚಳವಳಿ ಇಲ್ಲದಿದ್ದರೆ ಮಸೂದೆ ಹುಟ್ಟುತ್ತಲೇ ಇರಲಿಲ್ಲ, ನಿಜ. ಆದರೆ ಸೆನೆಟ್‌ನ ಒಳಹೊರಗು ಬಲ್ಲ, ಯಾವ ಸದಸ್ಯನಿಗೆ ಯಾವ ಅಣೆಕಟ್ಟು ಬೇಕು, ಯಾರಿಗೆ ಯಾವ ನೇಮಕಾತಿ ಬೇಕು ಎಂಬುದು ಬಾಯಿಪಾಠವಾಗಿದ್ದ ಟೆಕ್ಸಸ್ಸಿನ ಈ ಮನುಷ್ಯ ಇಲ್ಲದಿದ್ದರೆ ಆ ರೂಪದಲ್ಲಿ, ಅಷ್ಟು ಬೇಗ ಅದು ಕಾಯ್ದೆಯಾಗುತ್ತಿತ್ತು ಎಂದು ನಂಬುವುದು ಕಷ್ಟ. ಕೆನಡಿಗಿಂತ ಹಿಂದಿನ ಅಧ್ಯಕ್ಷ ಐಸೆನ್‌ಹೋವರ್ ಅವರ ಕಾಲದಲ್ಲಿ 1957 ಮತ್ತು 1960ರಲ್ಲಿ ಬಂದ ಇದೇ ಬಗೆಯ ಕಾಯ್ದೆಗಳು ಸೆನೆಟ್ ದಾಟುವಷ್ಟರಲ್ಲಿ ಹಲ್ಲು ಕಳೆದುಕೊಂಡಿದ್ದವು. 1957ರದನ್ನು ಸೆನೆಟ್‌ನ ಬಹುಮತ ನಾಯಕರಾಗಿದ್ದ ಇದೇ ಜಾನ್ಸನ್ ಸಡಿಲಗೊಳಿಸಿದ್ದರು ಎಂಬುದನ್ನೂ ಸೇರಿಸಬೇಕು.

ಫಲವನ್ನು ಅಳೆಯುವುದು ಇಲ್ಲಿ ಸುಲಭ. ಮಿಸಿಸಿಪಿಯಲ್ಲಿ ಮತದಾನ ಹಕ್ಕಿನ ಕಾಯ್ದೆಗೆ ಮುಂಚೆ ಅರ್ಹ ಕಪ್ಪು ವಯಸ್ಕರಲ್ಲಿ ಶೇ 6.7ರಷ್ಟು ಜನರ ಹೆಸರು ಮಾತ್ರ ಮತದಾರರ ಪಟ್ಟಿಯಲ್ಲಿತ್ತು. 1967ರ ಹೊತ್ತಿಗೆ ಅದು ಶೇ 59.8ಕ್ಕೆ ಏರಿತ್ತು. ಅಕ್ಷರಜ್ಞಾನದ ಪರೀಕ್ಷೆಯ ಹೆಸರಿನಲ್ಲಿ ನಡೆಯುತ್ತಿದ್ದ ಮೋಸವನ್ನು ಕಾಯ್ದೆ ನಿಲ್ಲಿಸಿತು, ಕೇಂದ್ರ ಸರ್ಕಾರದ ಅಧಿಕಾರಿಗಳೇ ಹೋಗಿ ಹೆಸರು ನೋಂದಾಯಿಸುವ ಏರ್ಪಾಡು ಮಾಡಿತು. ಮೆಡಿಕೇರ್‌ನಿಂದ ಇನ್ನೊಂದು ಪರಿಣಾಮವಾಯಿತು, ಅದರ ಬಗ್ಗೆ ಮಾತಾಡುವವರು ಕಡಿಮೆ. ದಕ್ಷಿಣದ ಆಸ್ಪತ್ರೆಗಳಲ್ಲಿ ಕಪ್ಪು ರೋಗಿಗಳಿಗೆ ಬೇರೆ ವಾರ್ಡು, ಹಲವೆಡೆ ಪ್ರವೇಶವೇ ಇಲ್ಲ ಎಂಬ ಪರಿಸ್ಥಿತಿಯಿತ್ತು. ಬಣ್ಣದ ಆಧಾರದ ಮೇಲೆ ಭೇದ ಮಾಡುವ ಸಂಸ್ಥೆಗೆ ಕೇಂದ್ರದ ಹಣವಿಲ್ಲ ಎಂದು 1964ರ ಕಾಯ್ದೆ ಹೇಳಿತ್ತು. ಮೆಡಿಕೇರ್ ಬಂದೊಡನೆ ಆ ಹಣ ಬಿಟ್ಟುಕೊಡಲಾಗದಷ್ಟು ದೊಡ್ಡದಾಯಿತು. 1966ರ ಜುಲೈ 1ರಂದು ಯೋಜನೆ ಜಾರಿಗೆ ಬರುವಷ್ಟರಲ್ಲಿ, ಹತ್ತಾರು ವರ್ಷ ನ್ಯಾಯಾಲಯಕ್ಕೆ ಅಲೆದರೂ ಬಿಚ್ಚಿಕೊಳ್ಳದಿದ್ದ ಬಾಗಿಲುಗಳು ಕೆಲವೇ ತಿಂಗಳಲ್ಲಿ ತೆರೆದುಕೊಂಡವು.

ಬಡತನದ ವಿಷಯದಲ್ಲಿ ಮಾತ್ರ ಜಾನ್ಸನ್ ಅಭಿಮಾನಿಗಳು ಸ್ವಲ್ಪ ಹಿಡಿದು ಮಾತಾಡಬೇಕು. ಅಧಿಕೃತ ಲೆಕ್ಕದಂತೆ 1964ರಲ್ಲಿ ಶೇ 19ರಷ್ಟಿದ್ದ ಬಡವರ ಪ್ರಮಾಣ 1969ರಲ್ಲಿ ಶೇ 12.1ಕ್ಕೆ ಇಳಿಯಿತು. ಆದರೆ 1959ರಲ್ಲಿ ಅದು ಶೇ 22.4 ಇತ್ತು, ಇಳಿಕೆ ಅವರಿಗಿಂತ ಮೊದಲೇ ಶುರುವಾಗಿತ್ತು, ಮತ್ತು ಆ ದಶಕದ ಬಿರುಸಿನ ಆರ್ಥಿಕ ಬೆಳವಣಿಗೆಯ ಪಾಲು ಎಷ್ಟು, ಸರ್ಕಾರಿ ಯೋಜನೆಗಳ ಪಾಲು ಎಷ್ಟು ಎಂದು ಪಾಲುಪಟ್ಟಿ ಮಾಡುವುದು ಅರ್ಥಶಾಸ್ತ್ರಜ್ಞರಿಗೂ ಜಗಳದ ವಿಷಯವೇ.

ಇನ್ನು ವಿಯೆಟ್ನಾಂ. ಜಾನ್ಸನ್ ಪರವಾದ ವಾದವನ್ನು ಮೊದಲು ಹೇಳಿಬಿಡುವುದು ನ್ಯಾಯ. ಯುದ್ಧವನ್ನು ಅವರು ಹುಟ್ಟುಹಾಕಲಿಲ್ಲ. ಐಸೆನ್‌ಹೋವರ್ ಮತ್ತು ಕೆನಡಿ ಅವರಿಂದ ಬಳುವಳಿಯಾಗಿ ಬಂತು. ಅಧಿಕಾರ ವಹಿಸಿಕೊಂಡಾಗ ಅಲ್ಲಿ ಸುಮಾರು 16,000 ಅಮೆರಿಕನ್ ಸೇನಾ ಸಲಹೆಗಾರರಿದ್ದರು. ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರ, ವಿದೇಶಾಂಗ ಕಾರ್ಯದರ್ಶಿ ಡೀನ್ ರಸ್ಕ್, ರಾಷ್ಟ್ರೀಯ ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿ, ಈ ಮೂವರೂ ಕೆನಡಿ ನೇಮಿಸಿದವರು, ಮೂವರೂ ಹಿಂದೆಗೆಯಬಾರದೆಂದೇ ಹೇಳುತ್ತಿದ್ದರು. ಚೀನಾವನ್ನು ಕಮ್ಯುನಿಸ್ಟರಿಗೆ ಬಿಟ್ಟುಕೊಟ್ಟರೆಂಬ ಆರೋಪ 1949ರ ನಂತರ ಟ್ರೂಮನ್ ಅವರನ್ನು ಹೇಗೆ ಹಣ್ಣುಮಾಡಿತ್ತೆಂಬುದನ್ನು ಜಾನ್ಸನ್ ಕಣ್ಣಾರೆ ಕಂಡಿದ್ದರು. ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಅನ್ನು ಕಮ್ಯುನಿಸ್ಟರಿಗೆ ಬಿಟ್ಟುಕೊಟ್ಟರೆ ಅದೇ ಗತಿ ತಮಗೂ ಬರುತ್ತದೆ, ಅದರೊಂದಿಗೆ ಮೆಡಿಕೇರ್, ಶಾಲೆ, ಮತದಾನದ ಹಕ್ಕು ಎಲ್ಲವೂ ಸಂಸತ್ತಿನಲ್ಲಿ ಮುಳುಗುತ್ತವೆ ಎಂಬ ಭಯ ಅವರದು.

ಈ ವಾದವನ್ನು ಕೆಡವುವುದು ಅವರದೇ ಧ್ವನಿ. 1964ರ ಮೇ 27ರಂದು ಬಂಡಿ ಅವರೊಡನೆ ಫೋನಿನಲ್ಲಿ ಮಾತಾಡುತ್ತ, ಇದಕ್ಕಾಗಿ ಹೋರಾಡುವುದರಲ್ಲಿ ಅರ್ಥವಿದೆ ಎಂದು ತಮಗನ್ನಿಸುವುದಿಲ್ಲ, ಹೊರಬರುವ ದಾರಿಯೂ ಕಾಣುವುದಿಲ್ಲ ಎಂದು ಅವರು ಹೇಳಿದ್ದು ಧ್ವನಿಮುದ್ರಣದಲ್ಲಿದೆ. ಅದಾಗಿ ಮೂರು ತಿಂಗಳೂ ಕಳೆಯುವ ಮೊದಲು, ಟಾಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗುಗಳ ಮೇಲೆ ಆಗಸ್ಟ್ 2 ಮತ್ತು 4ರಂದು ಉತ್ತರ ವಿಯೆಟ್ನಾಂನಿಂದ ದಾಳಿಯಾಯಿತೆಂದು ಹೇಳಿ ಅವರು ಸಂಸತ್ತಿನಿಂದ ಯುದ್ಧಕ್ಕೆ ಒಪ್ಪಿಗೆ ಪಡೆದರು. ಪ್ರತಿನಿಧಿ ಸಭೆಯಲ್ಲಿ 416–0, ಸೆನೆಟ್‌ನಲ್ಲಿ 88–2. ಎರಡನೆಯ ದಾಳಿ ನಡೆದೇ ಇರಲಿಲ್ಲ ಎಂಬುದನ್ನು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಇತಿಹಾಸಕಾರರೇ ಬರೆದಿಟ್ಟರು. ಆ ಬರಹ 2005ರಲ್ಲಿ ಹೊರಬಂತು. 1964ರ ಅಕ್ಟೋಬರಿನಲ್ಲಿ ಚುನಾವಣಾ ಸಭೆಯೊಂದರಲ್ಲಿ, ಏಷ್ಯಾದ ಹುಡುಗರು ಮಾಡಬೇಕಾದ ಕೆಲಸಕ್ಕೆ ಅಮೆರಿಕದ ಹುಡುಗರನ್ನು ಸಾವಿರಾರು ಮೈಲಿ ದೂರ ಕಳಿಸುವುದಿಲ್ಲ ಎಂದು ಅವರು ಭರವಸೆ ಕೊಟ್ಟರು. ನವೆಂಬರಿನಲ್ಲಿ ಶೇ 61ರಷ್ಟು ಮತ ಪಡೆದು ಗೆದ್ದರು. 1965ರ ಕೊನೆಗೆ ವಿಯೆಟ್ನಾಂನಲ್ಲಿ 1,84,000 ಅಮೆರಿಕನ್ ಸೈನಿಕರಿದ್ದರು, 1968ರ ಕೊನೆಗೆ 5,36,000.

ಬೇರೆ ದಾರಿಯೇ ಇರಲಿಲ್ಲವೇ? ಇತ್ತು, ಮತ್ತು ಅದನ್ನು ಬರೆದುಕೊಟ್ಟವರು ಅವರ ಉಪಾಧ್ಯಕ್ಷರೇ. 1965ರ ಫೆಬ್ರುವರಿಯಲ್ಲಿ ಹಂಫ್ರಿ ಸಲ್ಲಿಸಿದ ಟಿಪ್ಪಣಿಯಲ್ಲಿ ನೀತಿಬೋಧೆಯಿಲ್ಲ, ಶುದ್ಧ ರಾಜಕೀಯ ಲೆಕ್ಕಾಚಾರವಿದೆ: ಇಷ್ಟು ದೊಡ್ಡ ಗೆಲುವಿನ ನಂತರದ ಈ ವರ್ಷ ವಿಯೆಟ್ನಾಂನಿಂದ ಕಾಲ್ತೆಗೆದರೆ ಆಗುವ ನಷ್ಟ ಅತಿ ಕಡಿಮೆ, ಯುದ್ಧಕ್ಕಿಳಿದರೆ ಮುಂದಿನ ವಿರೋಧ ಹುಟ್ಟುವುದು ನಮ್ಮದೇ ಪಕ್ಷದ ಒಳಗಿನಿಂದ. ಆ ಟಿಪ್ಪಣಿಗೆ ಸಿಕ್ಕ ಪ್ರತಿಫಲವೆಂದರೆ, ವಿಯೆಟ್ನಾಂ ಕುರಿತ ಸಮಾಲೋಚನೆಗಳಿಂದ ಹಂಫ್ರಿ ಅವರನ್ನು ತಿಂಗಳುಗಟ್ಟಲೆ ದೂರವಿಟ್ಟದ್ದು. ಮೂರು ವರ್ಷಗಳ ನಂತರ ನಡೆದದ್ದು ಅಕ್ಷರಶಃ ಅದೇ: 1968ರ ಮಾರ್ಚ್‌ನಲ್ಲಿ ಸ್ವಪಕ್ಷದ ಯೂಜೀನ್ ಮೆಕಾರ್ಥಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಪಕ್ಷದ ಅಭ್ಯರ್ಥಿ ಆಯ್ಕೆಗೆ ನಡೆದ ಪ್ರಾಥಮಿಕ ಚುನಾವಣೆಯಲ್ಲಿ ಶೇ 42ರಷ್ಟು ಮತ ಕಿತ್ತುಕೊಂಡರು, ತಿಂಗಳ ಕೊನೆಯ ದಿನ ಜಾನ್ಸನ್ ತಾವು ಮರುಸ್ಪರ್ಧೆ ಮಾಡುವುದಿಲ್ಲವೆಂದು ಘೋಷಿಸಿದರು. ಇಡೀ ಯುದ್ಧದಲ್ಲಿ 58,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ವಿಯೆಟ್ನಾಮಿಗಳ ಸಾವಿನ ಅಂದಾಜುಗಳು 10 ಲಕ್ಷವನ್ನು ಮೀರುತ್ತವೆ. ವಾಷಿಂಗ್ಟನ್ನಿನ ವಾದಗಳಲ್ಲಿ ಈ ಎರಡನೆಯ ಸಂಖ್ಯೆ ಬರುವುದೇ ಅಪರೂಪ, ಬಂದರೂ ಅಡಿಟಿಪ್ಪಣಿಯಾಗಿ.

ಕಾಯ್ದೆಗಳ ಒಳಿತಿನಿಂದ ಯುದ್ಧದ ಕೆಡುಕನ್ನು ಕಳೆದು ಉಳಿದದ್ದನ್ನು ತೀರ್ಪು ಎನ್ನುವವರು ಗಮನಿಸದ ಅಂಶ ಒಂದಿದೆ. ಎರಡನ್ನೂ ಸಾಧ್ಯ ಮಾಡಿದ್ದು ಒಂದೇ ವಿದ್ಯೆ. ಎದುರಿಗಿರುವವನಿಗೆ ಪೂರ್ತಿ ಚಿತ್ರ ತೋರಿಸದೆ, ಅವನಿಗೆ ಬೇಕಾದಷ್ಟನ್ನೇ ತೋರಿಸಿ ಒಪ್ಪಿಗೆ ಪಡೆಯುವುದು ಜಾನ್ಸನ್ ಅವರಿಗೆ ಮೊದಲಿನಿಂದ ಕರಗತವಾದ ವಿದ್ಯೆ. 1948ರಲ್ಲಿ ಅವರು ಸೆನೆಟ್‌ಗೆ ಪಕ್ಷದ ಉಮೇದುವಾರಿಕೆ ಗೆದ್ದದ್ದು 87 ಮತಗಳಿಂದ; ಟೆಕ್ಸಸ್ಸಿನ ಆಲಿಸ್ ಊರಿನ 13ನೇ ಮತಪೆಟ್ಟಿಗೆಯಲ್ಲಿ ಆರು ದಿನ ತಡವಾಗಿ ಸಿಕ್ಕ ಸುಮಾರು 200 ಹೆಸರುಗಳು ಅಕ್ಷರಾನುಕ್ರಮದಲ್ಲಿ, ಒಂದೇ ಕೈಬರಹದಲ್ಲಿದ್ದವು. ಅದೇ ವಿದ್ಯೆ ಸೆನೆಟ್‌ನಲ್ಲಿ ಡರ್ಕ್ಸನ್ ಅವರನ್ನು ಒಲಿಸಿಕೊಂಡಿತು. ಅದೇ ವಿದ್ಯೆ ಜುಲೈ 28ರ 50,000 ಸೈನಿಕರ ಸುದ್ದಿಯನ್ನು, ಜನ ಟಿವಿ ಮುಂದೆ ಕೂರುವ ರಾತ್ರಿಯ ಭಾಷಣದಲ್ಲಲ್ಲ, ಮಧ್ಯಾಹ್ನದ ಪತ್ರಿಕಾಗೋಷ್ಠಿಯೊಂದರ ನಡುವೆ ಹೇಳಿ ಮುಗಿಸಿತು. ಯುದ್ಧದ ನಿಜವಾದ ಖರ್ಚು ಹೊರಬಿದ್ದರೆ ಸಂಸತ್ತು ಬಡತನ ನಿವಾರಣೆಯ ಹಣಕ್ಕೆ ಕತ್ತರಿ ಹಾಕುತ್ತದೆಂದು ಅವರು ಲೆಕ್ಕವನ್ನೇ ಅಡಗಿಸಿಟ್ಟರು, ತೆರಿಗೆ ಏರಿಸುವುದನ್ನು ಮುಂದೂಡಿದರು; 1965ರಲ್ಲಿ ಶೇ 2ಕ್ಕಿಂತ ಕಡಿಮೆಯಿದ್ದ ಹಣದುಬ್ಬರ 1968ರಲ್ಲಿ ಶೇ 4 ದಾಟಿತು, ಕೊನೆಗೆ ಕತ್ತರಿ ಬಿದ್ದದ್ದು ಬಡವರ ಯೋಜನೆಗಳಿಗೇ.

ಭಾರತದಿಂದ ನೋಡಿದಾಗ ಇದೇ ಮನುಷ್ಯನ ಇನ್ನೆರಡು ಮುಖ ಕಾಣುತ್ತವೆ. 1965 ಮತ್ತು 1966ರಲ್ಲಿ ಮುಂಗಾರು ಕೈಕೊಟ್ಟಾಗ ಪಿಎಲ್-480 ಎಂಬ ಆಹಾರ ನೆರವಿನ ಕಾರ್ಯಕ್ರಮದಡಿ ಅಮೆರಿಕದ ಗೋಧಿಯೇ ಆಸರೆ. 1966ರಲ್ಲಿ ಭಾರತ ಆಮದು ಮಾಡಿಕೊಂಡ ಆಹಾರಧಾನ್ಯ ಸುಮಾರು 1 ಕೋಟಿ ಟನ್. ಮೈಸೂರು ರಾಜ್ಯದ ಶಾಲೆಗಳಲ್ಲಿ ಅಮೆರಿಕದ ಕೇರ್ ನೆರವು ಸಂಸ್ಥೆಯ ಗೋಧಿ ಉಪ್ಪಿಟ್ಟು ತಿಂದು, ಹಾಲಿನ ಪುಡಿಯ ಹಾಲು ಕುಡಿದು ಬೆಳೆದ ತಲೆಮಾರಿಗೆ ಅದರ ರುಚಿ ಇನ್ನೂ ನೆನಪಿದೆ. (ಅದೇ ಗೋಧಿಯ ಜೊತೆ ಬಂತೆಂದು ಎಲ್ಲರೂ ನಂಬಿರುವ ಕಾಂಗ್ರೆಸ್ ಗಿಡದ ಪಾಪವನ್ನು ಜಾನ್ಸನ್ ತಲೆಗೆ ಕಟ್ಟುವಂತಿಲ್ಲ, ಅದು ಪುಣೆಯಲ್ಲಿ ಕಂಡದ್ದು 1950ರ ದಶಕದಲ್ಲೇ.) ಆದರೆ ಜಾನ್ಸನ್ ಆ ಗೋಧಿಯನ್ನು ವರ್ಷಗಳ ಒಪ್ಪಂದದ ಮೇಲೆ ಕೊಡದೆ, ಹಡಗಿನ ಲೆಕ್ಕದಲ್ಲಿ, ತಿಂಗಳ ಲೆಕ್ಕದಲ್ಲಿ ಸ್ವತಃ ಬಿಡುಗಡೆ ಮಾಡುತ್ತಿದ್ದರು, ಭಾರತದ ಮಳೆಯ ನಕ್ಷೆಗಳನ್ನು ತರಿಸಿಕೊಂಡು ನೋಡುತ್ತಿದ್ದರು. ಭಾರತ ಕೃಷಿಗೆ ಹೆಚ್ಚು ಹಣ ಹಾಕಲಿ ಎಂಬುದು ಒಂದು ಉದ್ದೇಶ, ಅದನ್ನು ಆಹಾರ ಸಚಿವ ಸಿ. ಸುಬ್ರಹ್ಮಣ್ಯಂ ಕೂಡ ಬಯಸುತ್ತಿದ್ದರು. ವಿಯೆಟ್ನಾಂ ಬಾಂಬ್ ದಾಳಿಯನ್ನು ಭಾರತ ಟೀಕಿಸಿದಾಗ ಗೋಧಿಯ ಹಗ್ಗ ಇನ್ನಷ್ಟು ಬಿಗಿಯಾದದ್ದು ಇನ್ನೊಂದು ಮಾತು. ಹಸಿದವರನ್ನು ಬದುಕಿಸಿದರು ಎಂದರೂ ನಿಜ, ಹಸಿವನ್ನು ಆಯುಧ ಮಾಡಿಕೊಂಡರು ಎಂದರೂ ನಿಜ. ಹಸಿರು ಕ್ರಾಂತಿಯ ತುರ್ತಿಗೆ ಈ ಅವಮಾನವೂ ಒಂದು ಕಾರಣವಾಯಿತು ಎಂದು ಹೇಳುವವರಿದ್ದಾರೆ, ನನಗೆ ಅದರಲ್ಲಿ ಸತ್ಯಾಂಶ ಕಾಣುತ್ತದೆ.

ಎರಡನೆಯದು ವಲಸೆ ಕಾಯ್ದೆ. 1946ರಿಂದ ಭಾರತಕ್ಕಿದ್ದ ವಲಸೆಯ ಮಿತಿ ವರ್ಷಕ್ಕೆ 100 ಮಂದಿ. 1965ರ ಅಕ್ಟೋಬರ್ 3ರಂದು ಸ್ವಾತಂತ್ರ್ಯ ಪ್ರತಿಮೆಯ ಬುಡದಲ್ಲಿ ಜಾನ್ಸನ್ ಸಹಿ ಹಾಕಿದ ಕಾಯ್ದೆ ದೇಶವಾರು ಹಳೆಯ ಪಾಲನ್ನು ರದ್ದುಮಾಡಿ, ಪೂರ್ವ ಗೋಳಾರ್ಧದ ಯಾವುದೇ ಒಂದು ದೇಶಕ್ಕೆ 20,000ದವರೆಗೆ ಅವಕಾಶ ಕೊಟ್ಟಿತು. ಇದು ಕ್ರಾಂತಿಕಾರಿ ಮಸೂದೆಯೇನಲ್ಲ ಎಂದು ಅಂದು ಅವರೇ ಹೇಳಿದ್ದರು. ಆ ಬಾಗಿಲಿನಿಂದ ಹೋದ ಕನ್ನಡಿಗ ವೈದ್ಯರು, ಎಂಜಿನಿಯರುಗಳು ಮುಂದಿನ ದಶಕದಲ್ಲಿ ಅಮೆರಿಕದ ನಗರಗಳಲ್ಲಿ ಕನ್ನಡ ಕೂಟಗಳನ್ನು ಕಟ್ಟಿದರು. ಅದೇ ಕಾಯ್ದೆ ಪಶ್ಚಿಮ ಗೋಳಾರ್ಧದ ದೇಶಗಳಿಗೆ ಮೊದಲ ಬಾರಿ ಸಂಖ್ಯೆಯ ಮಿತಿ ಹಾಕಿ, ಮೆಕ್ಸಿಕೋದಿಂದ ಕೂಲಿಗೆ ಬರುತ್ತಿದ್ದವರಲ್ಲಿ ಅನೇಕರನ್ನು ಕಾನೂನಿನ ಹೊರಗೆ ತಳ್ಳಿತು. ಮಾಡಿದವರೇ ನಿರೀಕ್ಷಿಸದ ಫಲಕ್ಕೆ ಶ್ರೇಯಸ್ಸು ಕೊಡುವುದಾದರೆ, ನಿರೀಕ್ಷಿಸದ ಹಾನಿಗೆ ಹೊಣೆಯನ್ನೂ ಹೊರಿಸಬೇಕು. ಅನಿವಾಸಿಗಳ ಮಾತಿನಲ್ಲಿ ಮೊದಲನೆಯದಷ್ಟೇ ಕೇಳಿಬರುತ್ತದೆ.

ಇತಿಹಾಸಕಾರರ ಶ್ರೇಯಾಂಕ ಪಟ್ಟಿಗಳು ಇದನ್ನು ಇತ್ಯರ್ಥ ಮಾಡುತ್ತವೆಯೇ? ಸಿ-ಸ್ಪ್ಯಾನ್ ವಾಹಿನಿ 2000ದಿಂದ ನಡೆಸುತ್ತಿರುವ ಸಮೀಕ್ಷೆಯಲ್ಲಿ ಹತ್ತು ಮಾನದಂಡಗಳಿವೆ, ಎಲ್ಲಕ್ಕೂ ಒಂದೇ ತೂಕ. ಜಾನ್ಸನ್ ಹತ್ತು-ಹನ್ನೊಂದನೆಯ ಸ್ಥಾನದ ಆಸುಪಾಸಿನಲ್ಲೇ ನಿಲ್ಲುತ್ತಾರೆ: ಸಮಾನ ನ್ಯಾಯದ ಅಂಕಣದಲ್ಲಿ ಅಗ್ರಪಂಕ್ತಿ, ವಿದೇಶಾಂಗದಲ್ಲಿ ತೀರ ಕೆಳಗಿನ ಸಾಲು. ಆಡಳಿತ ಕೌಶಲಕ್ಕೂ ಲಕ್ಷಗಟ್ಟಲೆ ಸಾವಿಗೂ ಸಮ ಅಂಕ ಕೊಟ್ಟು ತೆಗೆದ ಸರಾಸರಿಯಿಂದ ನಮಗೆ ತಿಳಿಯುವುದು ಬಹಳ ಕಡಿಮೆ. ನನ್ನ ಅಭಿಪ್ರಾಯ ಕೇಳಿದರೆ, ಯುದ್ಧದ ವಿಷಯದಲ್ಲಿ ಅವರು ಕೆಟ್ಟ ಅಧ್ಯಕ್ಷರು. ತಪ್ಪಾಗಿ ತಿಳಿದುಕೊಂಡು ಮಾಡಿದ್ದಾಗಿದ್ದರೆ ತೀರ್ಪು ಮೆತ್ತಗಾಗಬಹುದಿತ್ತು, ಆದರೆ ಗೆಲ್ಲಲಾಗದೆಂಬ ಸಂಶಯವಿದ್ದೂ ಹುಡುಗರನ್ನು ಕಳಿಸಿದರು. ಮಿಸಿಸಿಪಿಯ ಮತದಾರರ ಪಟ್ಟಿ ಅದನ್ನು ಸರಿದೂಗಿಸುವುದಿಲ್ಲ, ಯುದ್ಧವೂ ಆ ಪಟ್ಟಿಯಿಂದ ಒಂದು ಹೆಸರನ್ನೂ ಅಳಿಸುವುದಿಲ್ಲ.

ವಾದ ಇನ್ನೂ ಮುಗಿಯದಿರಲು ಹೊಸದಾಗಿ ತೆರೆಯುವ ಕಾಗದಗಳೂ ಕಾರಣ. 1968ರ ಅಕ್ಟೋಬರ್ ಕೊನೆಗೆ ಜಾನ್ಸನ್ ಶಾಂತಿ ಮಾತುಕತೆಗಾಗಿ ಬಾಂಬ್ ದಾಳಿ ನಿಲ್ಲಿಸುವ ಹೊತ್ತಿನಲ್ಲಿ, ಮಾತುಕತೆಗೆ ಬರಬೇಡಿ, ಕಾಯಿರಿ ಎಂಬ ಸಂದೇಶ ರಿಪಬ್ಲಿಕನ್ ಅಭ್ಯರ್ಥಿ ರಿಚರ್ಡ್ ನಿಕ್ಸನ್ ಪಾಳೆಯದಿಂದ ದಕ್ಷಿಣ ವಿಯೆಟ್ನಾಂ ಸರ್ಕಾರಕ್ಕೆ ಹೋಗುತ್ತಿರುವುದು ಗುಪ್ತಚರರ ಮೂಲಕ ಅವರಿಗೆ ತಿಳಿಯಿತು. ಖಾಸಗಿಯಾಗಿ ಅವರು ಅದನ್ನು ದೇಶದ್ರೋಹವೆಂದೇ ಕರೆದರು, ಆದರೆ ಚುನಾವಣೆಗೆ ಮುಂಚೆ ಜನರ ಮುಂದಿಡಲಿಲ್ಲ. ನಿಕ್ಸನ್ ಶೇ 1ಕ್ಕಿಂತ ಕಡಿಮೆ ಮತಗಳ ಅಂತರದಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಯಾಗಿದ್ದ ಹಂಫ್ರಿ ಅವರನ್ನು ಸೋಲಿಸಿದರು. ಆ ದಾಖಲೆಗಳಿದ್ದ ಲಕೋಟೆಯನ್ನು ಜಾನ್ಸನ್ ಅವರ ಭದ್ರತಾ ಸಲಹೆಗಾರರಾಗಿದ್ದ ವಾಲ್ಟ್ ರಾಸ್ಟೋ 1973ರಲ್ಲಿ ಜಾನ್ಸನ್ ಗ್ರಂಥಾಲಯಕ್ಕೆ ಒಪ್ಪಿಸಿ, 50 ವರ್ಷ ತೆರೆಯಬಾರದೆಂದು ಬರೆದಿದ್ದರು. ಅದನ್ನು 1994ರಲ್ಲೇ ತೆರೆಯಲಾಯಿತು. ಮಿತ್ರರಾಷ್ಟ್ರದ ಮೇಲೆ ಕದ್ದಾಲಿಕೆ ನಡೆಸಿದ್ದು ಬಯಲಾಗಬಾರದು, ಪುರಾವೆಯೂ ಪೂರ್ತಿ ಇರಲಿಲ್ಲ, ಹಾಗಾಗಿ ಮೌನ ಸಂಯಮವೇ ಆಗಿತ್ತು ಎನ್ನುವವರಿದ್ದಾರೆ. ನಾನು ಅದನ್ನು 1964ರ ಟಾಂಕಿನ್ ಕೊಲ್ಲಿಯ ಸಾಲಿಗೇ ಸೇರಿಸುತ್ತೇನೆ: ಮತ ಹಾಕುವವರಿಗೆ ತಿಳಿಯಬೇಕಾದದ್ದನ್ನು ಅವರು ಆಗಲೂ ಹೇಳಲಿಲ್ಲ, ಈಗಲೂ ಹೇಳಲಿಲ್ಲ. ಮುಂದಿನ ಅಧ್ಯಕ್ಷರ ಅವಧಿಯಲ್ಲಿ ಅದೇ ಯುದ್ಧದಲ್ಲಿ ಇನ್ನೂ 20,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು.